ಕ್ಯಾರಿಕ್‌ಫರ್ಗಸ್ಸಿನಿಂದ ವ್ಯಾಕ್ಸ್‌ಹಾದವರೆಗೆ: ಜಾಕ್ಸನ್ ಮನೆತನದ ಮೂಲಶೋಧನೆ

ಶ್ರಾದ್ಧಕಾಲದಲ್ಲಿ ನಾವು ಪಿತೃ, ಪಿತಾಮಹ, ಪ್ರಪಿತಾಮಹರೆಂದು ಮೂರು ತಲೆಗಳ ಹೆಸರನ್ನು ಉಚ್ಚರಿಸುತ್ತೇವೆ. ಅದಕ್ಕೂ ಮೇಲಿನವರು ಯಾರೆಂದು ಯಾರಾದರೂ ಕೇಳಿದರೆ ಮನೆಯ ಹಿರಿಯರ ಮುಖವನ್ನು ನೋಡಬೇಕಾಗುವುದು. ಆ ಹಿರಿಯರೂ ಇಲ್ಲವಾದ ಮೇಲೆ ಗೋತ್ರಪ್ರವರಗಳನ್ನು ಹೇಳಿ ಸುಮ್ಮನಾಗುವೆವು. ಗೋತ್ರವೂ ಇಲ್ಲದೆ, ಮೂರು ತಲೆಗಳನ್ನು ನೆನೆಯುವ ವಿಧಿಯೂ ಇಲ್ಲದೆ, ಎರಡು ಸಲ ಕಡಲನ್ನು ದಾಟಿ ಹುಟ್ಟಿದ ನೆಲದ ಗುರುತನ್ನೇ ಕಳೆದುಕೊಂಡ ಜನರು ತಮ್ಮ ಮೂಲವನ್ನು ತಿಳಿಯಬೇಕೆಂದು ಹೊರಟರೆ ಅವರಿಗೆ ದಾರಿ ಯಾವುದು? ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 'ಸ್ಕಾಚ್-ಐರಿಷ್' ಎಂದು ಕರೆಯಲ್ಪಡುವ ಲಕ್ಷಾಂತರ ಮನೆತನಗಳವರು ಈ ಪ್ರಶ್ನೆಯನ್ನು ಕೇಳಿಕೊಳ್ಳುತ್ತಲೇ ಬಂದಿರುವರು. ಅವರಿಗಾಗಿ ಮುದ್ರಿತವಾದ ವಂಶಾವಳಿಗಳಿಗೆ ಕೊರತೆಯಿಲ್ಲ. ಬಹುಪಾಲು ವಂಶಾವಳಿಗಳ ಮೊದಲ ಪುಟದಲ್ಲಿ ಒಬ್ಬ ಸ್ಕಾಟ್ಲೆಂಡಿನ ಪ್ರಭುವೂ ಅವನ ಬಿರುದಿನ ಚಿಹ್ನೆಯೂ ಇದ್ದೇ ಇರುವುವು. ನೇಕಾರನ ಮೊಮ್ಮಗನೆನ್ನಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲವೆಂದು ತೋರುತ್ತದೆ.

ಇಂಥ ಶೋಧನೆಯ ಬಲಾಬಲವನ್ನು ತಿಳಿಯುವುದಕ್ಕೆ ಒಂದು ಮನೆತನವನ್ನು ಹಿಡಿದು ಪರೀಕ್ಷಿಸುವುದೇ ಮೇಲು. ೧೮೨೯ರಿಂದ ೧೮೩೭ರವರೆಗೆ ಆ ದೇಶದ ಅಧ್ಯಕ್ಷನಾಗಿದ್ದ ಆಂಡ್ರೂ ಜಾಕ್ಸನ್ನನ ಮನೆತನವನ್ನು ನಾನು ಆರಿಸಿಕೊಂಡಿದ್ದೇನೆ. ಇನ್ನೂರು ವರ್ಷಗಳಿಂದ ವಿದ್ವಾಂಸರು ಹುಡುಕಿದ ಮನೆತನವಿದು. ಇದರಲ್ಲಿಯೇ ದೊರೆಯದುದು ಹೆಸರಿಲ್ಲದ ಒಬ್ಬ ಒಕ್ಕಲಿಗನ ಮನೆತನದಲ್ಲಿ ಸುಲಭವಾಗಿ ದೊರೆಯಿತೆಂದು ಯಾರಾದರೂ ಹೇಳಿದರೆ ನಾವು ಸ್ವಲ್ಪ ಎಚ್ಚರದಿಂದ ಕೇಳಬೇಕು.

ಅಲ್‌ಸ್ಟರ್ ಎಂಬುದು ಐರ್ಲೆಂಡ್ ದ್ವೀಪದ ಉತ್ತರ ಪ್ರಾಂತ. ಅದಕ್ಕೂ ಸ್ಕಾಟ್ಲೆಂಡಿಗೂ ನಡುವಣ ಕಡಲು ಅತ್ಯಂತ ಇಕ್ಕಟ್ಟಾದೆಡೆಯಲ್ಲಿ ಹದಿಮೂರು ಮೈಲಿಗಿಂತ ಹೆಚ್ಚಿಲ್ಲ. ಆಕಾಶವು ನಿರ್ಮಲವಾಗಿದ್ದರೆ ಒಂದು ದಡದವರಿಗೆ ಮತ್ತೊಂದು ದಡವು ಕಾಣುವುದು. ೧೬೦೭ರಲ್ಲಿ ಅಲ್ಲಿಯ ಐರಿಷ್ ದೊರೆಗಳಾದ ಟೈರೋನ್ ಮತ್ತು ಟರ್ಕಾನಲ್ ಪ್ರಭುಗಳು ದೇಶವನ್ನು ಬಿಟ್ಟು ಯೂರೋಪಿಗೆ ಹೊರಟುಹೋದರು. ಒಂದನೆಯ ಜೇಮ್ಸ್ ದೊರೆಯು ಅವರ ಸೀಮೆಯನ್ನು ವಶಪಡಿಸಿಕೊಂಡು, ಆರು ಜಿಲ್ಲೆಗಳ ಭೂಮಿಯನ್ನು ಇಂಗ್ಲೆಂಡ್ ಸ್ಕಾಟ್ಲೆಂಡುಗಳಿಂದ ಬಂದ ಒಡೆಯರಿಗೆ ಹಂಚಿಸಿ, ಅವರ ಕೈಕೆಳಗೆ ಪ್ರಾಟೆಸ್ಟೆಂಟ್ ಒಕ್ಕಲುಗಳನ್ನು ನೆಲಸಿಸುವ ಏರ್ಪಾಡನ್ನು ೧೬೦೯ರಿಂದ ನಡೆಯಿಸಿದನು. ಆಂಟ್ರಿಮ್, ಡೌನ್ ಎಂಬ ಪೂರ್ವದ ಎರಡು ಜಿಲ್ಲೆಗಳು ಈ ಏರ್ಪಾಡಿಗೆ ಸೇರಿರಲಿಲ್ಲ. ಅಲ್ಲಿಗೆ ಸ್ಕಾಟರು ತಾವಾಗಿಯೂ ಖಾಸಗಿ ಒಡೆಯರ ಮೂಲಕವೂ ಬಂದರು. ಹಾಮಿಲ್ಟನ್, ಮಾಂಟ್‌ಗೋಮರಿ ಎಂಬಿಬ್ಬರು ೧೬೦೬ರಲ್ಲಿಯೇ ಡೌನ್ ಜಿಲ್ಲೆಯಲ್ಲಿ ಒಕ್ಕಲುಗಳನ್ನು ತಂದಿಳಿಸಲು ಮೊದಲುಮಾಡಿದ್ದರು. ನಮ್ಮ ಜಾಕ್ಸನ್ನರ ಊರಾದ ಕ್ಯಾರಿಕ್‌ಫರ್ಗಸ್ ಆಂಟ್ರಿಮ್ ಕರೆಯಲ್ಲಿರುವ ಹಳೆಯ ಕೋಟೆಯೂರು. ೧೬೪೨ರ ಜೂನ್ ತಿಂಗಳಲ್ಲಿ ಐರ್ಲೆಂಡಿನ ಮೊತ್ತಮೊದಲನೆಯ ಪ್ರೆಸ್ಬಿಟೀರಿಯನ್ ಧರ್ಮಸಭೆಯು ಕೂಡಿದುದು ಆ ಊರಿನಲ್ಲಿಯೇ.

ಈ ಜನರ ಸ್ಥಿತಿ ವಿಚಿತ್ರವಾದುದು. ನೆಲವನ್ನು ಕಳೆದುಕೊಂಡ ಐರಿಷ್ ಕೆಥೋಲಿಕರಿಗೆ ಇವರು ಆಕ್ರಮಣಕಾರರು. ರಾಜಧರ್ಮವಾದ ಆಂಗ್ಲಿಕನ್ ಸಂಪ್ರದಾಯದ ಅಧಿಕಾರಿಗಳಿಗೆ ಇವರು ಮತಭ್ರಷ್ಟರು. ೧೭೦೪ರ ಟೆಸ್ಟ್ ಶಾಸನವು ಇವರನ್ನು ಸರಕಾರಿ ಹುದ್ದೆಗಳಿಂದಲೂ ಪುರಸಭೆಗಳಿಂದಲೂ ದೂರವಿರಿಸಿತು. ಇವರ ಪುರೋಹಿತರು ನಡೆಯಿಸಿದ ವಿವಾಹವು ವಿವಾಹವೇ ಅಲ್ಲವೆಂದು ಬಿಷಪ್ಪರ ನ್ಯಾಯಸ್ಥಾನಗಳು ವಾದಿಸುತ್ತಿದ್ದುವು. ಪ್ರೆಸ್ಬಿಟೀರಿಯನರು ತಮ್ಮೊಳಗೆ ಮಾಡಿಕೊಂಡ ಮದುವೆಗಳಿಗೆ ಪೂರ್ಣವಾದ ಮಾನ್ಯತೆಯು ೧೭೮೨ರಲ್ಲಿ ದೊರೆಯಿತು. ವಂಶಶೋಧಕನಿಗೆ ಇದು ಸಣ್ಣ ಸಂಗತಿಯಲ್ಲ. ಆಂಡ್ರೂವಿನ ತಂದೆತಾಯಿಗಳ ಮದುವೆ ನಡೆದುದು ಈ ಸಂದೇಹದ ಕಾಲದಲ್ಲಿಯೇ.

ಇದರ ಮೇಲೆ ಗುತ್ತಿಗೆಯ ಅವಧಿ ತೀರಿದಂತೆಲ್ಲ ಒಡೆಯರು ಗೇಣಿಯನ್ನು ಏರಿಸಿದರು. ೧೭೪೦-೪೧ರ ಕಠಿನ ಚಳಿಯೂ ಕ್ಷಾಮವೂ ಬಂದುವು. ೧೭೧೮ರಲ್ಲಿ ಕೆಲವು ಪುರೋಹಿತರು ತಮ್ಮ ಸಭೆಯವರನ್ನು ಕಟ್ಟಿಕೊಂಡು ಬಾಸ್ಟನ್ನಿಗೆ ಹೋದಂದಿನಿಂದ ೧೭೭೫ರವರೆಗೆ ಅಲ್‌ಸ್ಟರನ್ನು ಬಿಟ್ಟವರು ಒಂದು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಒಬ್ಬರೂ, ಎರಡೂವರೆ ಲಕ್ಷದವರೆಗೆ ಇರಬಹುದೆಂದು ಮತ್ತೊಬ್ಬರೂ ಲೆಕ್ಕಹಾಕಿರುವರು. ಇವರನ್ನು ಸಾಗಿಸಿದುದು ಅಗಸೆಯ ಬೀಜವೆಂದರೆ ವಾಚಕರು ಆಶ್ಚರ್ಯಪಡಬಹುದು. ಅಲ್‌ಸ್ಟರಿನ ಮನೆಮನೆಯಲ್ಲಿಯೂ ಅಗಸೆಯ ನಾರಿನಿಂದ ಬಟ್ಟೆಯನ್ನು ನೇಯುತ್ತಿದ್ದರು. ನಾರು ನಯವಾಗಿರಬೇಕಾದರೆ ಬೀಜ ಬಲಿಯುವ ಮೊದಲೇ ಗಿಡವನ್ನು ಕೀಳಬೇಕು. ಕಿತ್ತರೆ ಮುಂದಿನ ವರ್ಷದ ಬಿತ್ತನೆಗೆ ಬೀಜವಿಲ್ಲ. ಆ ಬೀಜವು ಅಮೇರಿಕದಿಂದ ಹಡಗುಗಳಲ್ಲಿ ಬರುತ್ತಿದ್ದಿತು. ಬೀಜವನ್ನಿಳಿಸಿ ಬರಿದಾದ ಹಡಗುಗಳಿಗೆ ಹಿಂದಿರುಗುವಾಗ ತುಂಬಿಕೊಳ್ಳಲು ಸರಕು ಬೇಕಾಗಿದ್ದಿತು. ಮನುಷ್ಯರೇ ಆ ಸರಕಾದರು.

ಇನ್ನು ಜಾಕ್ಸನ್ನರ ವಿಷಯ. ಅಧ್ಯಕ್ಷನ ತಂದೆಯ ಹೆಸರೂ ಆಂಡ್ರೂ. ತಾಯಿ ಎಲಿಜಬೆತ್ ಹಚಿನ್ಸನ್. ಕ್ಯಾರಿಕ್‌ಫರ್ಗಸ್ಸಿನ ಪೂರ್ವಕ್ಕೆ ತಗುಲಿದ ಬೋನಿಬಿಫೋರ್ ಎಂಬ ಹಳ್ಳಿಯಲ್ಲಿ ಅವರು ವಾಸವಾಗಿದ್ದರು. ೧೭೬೫ರಲ್ಲಿ ಹ್ಯೂ, ರಾಬರ್ಟ್ ಎಂಬ ಇಬ್ಬರು ಚಿಕ್ಕ ಗಂಡುಮಕ್ಕಳೊಡನೆ ಕಡಲನ್ನು ದಾಟಿದರು. ಇಷ್ಟು ನಿಶ್ಚಯ. ತಾತನ ಹೆಸರು ಹ್ಯೂ ಎಂದೂ ಅವನ ಕಸುಬು ನೇಯ್ಗೆಯೆಂದೂ ಮನೆತನದ ಹೇಳಿಕೆ. ಹಿರಿಯ ಮೊಮ್ಮಗನಿಗೆ ಅದೇ ಹೆಸರು ಬಂದಿರುವುದು ಈ ಹೇಳಿಕೆಗೆ ಸ್ವಲ್ಪ ಆಸರೆಯಾಗುತ್ತದೆ. ಏಕೆಂದರೆ ತಂದೆಯ ತಂದೆಯ ಹೆಸರನ್ನು ಹಿರಿಯ ಮಗನಿಗೆ ಇಡುವ ವಾಡಿಕೆಯು ನಮ್ಮಲ್ಲಿದ್ದಂತೆಯೇ ಅಲ್‌ಸ್ಟರಿನ ಸ್ಕಾಟರಲ್ಲಿಯೂ ಇದ್ದಿತು. ೧೭೬೦ರ ಫೆಬ್ರುವರಿಯಲ್ಲಿ ಥೂರೋ ಎಂಬ ಫ್ರೆಂಚ್ ನಾಯಕನು ಕ್ಯಾರಿಕ್‌ಫರ್ಗಸ್ಸನ್ನು ಮುತ್ತಿ ಹಿಡಿದಾಗ ತಾತನು ಪಟ್ಟ ಪಾಡನ್ನೂ, ಒಡೆಯರು ಬಡವರನ್ನು ಹಿಂಡಿದ ರೀತಿಯನ್ನೂ ಎಲಿಜಬೆತ್ತಳು ಚಳಿಗಾಲದ ಸಂಜೆಗಳಲ್ಲಿ ಮಕ್ಕಳಿಗೆ ಹೇಳುತ್ತಿದ್ದಳೆಂದು ೧೮೧೭ರಲ್ಲಿ ಅಚ್ಚಾದ ಮೊದಲ ಜೀವನಚರಿತ್ರೆಯು ತಿಳಿಸುವುದು. ಆ ಪುಸ್ತಕವು ಜಾಕ್ಸನ್ನನು ಬದುಕಿದ್ದಾಗಲೇ, ಅವನ ಸಹಚರರಿಂದಲೇ ಬರೆಯಲ್ಪಟ್ಟಿತು. ತಾತನ ಹಿಂದಿನವರು ಸ್ಕಾಟ್ಲೆಂಡಿನ ಯಾವ ಊರಿನಿಂದ, ಯಾವ ವರ್ಷ ಬಂದರೆಂಬುದನ್ನು ಕುರಿತು ಮುದ್ರಿತ ವಂಶಾವಳಿಗಳು ಹೇಳುವುದೆಲ್ಲ ಪರಸ್ಪರ ವಿರುದ್ಧವಾದುದು. ಸಮಕಾಲೀನ ಪತ್ರದ ಆಧಾರವಿಲ್ಲದ ಈ ಭಾಗವನ್ನು ನಾನು ಬಿಟ್ಟುಬಿಡುತ್ತೇನೆ.

ಬೋನಿಬಿಫೋರಿಗೆ ಹೋದ ಯಾತ್ರಿಕರಿಗೆ ಹುಲ್ಲುಹೊದಿಕೆಯ, ಸುಣ್ಣ ಬಳಿದ ಒಂದು ಮನೆಯನ್ನು 'ಜಾಕ್ಸನ್ ಕುಟೀರ'ವೆಂದು ತೋರಿಸುವರು. ಮನೆಯು ಹಳೆಯದು, ಆ ಕಾಲದ್ದೇ ಸರಿ; ಆದರೆ ಅದರಲ್ಲಿ ಇದ್ದವರು ಬೇರೊಂದು ಕುಟುಂಬದವರು. ಜಾಕ್ಸನ್ನರ ನಿಜವಾದ ಮನೆಯನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ರೈಲುದಾರಿಗಾಗಿ ಕೆಡವಿದರು. ಈಗ ಅಲ್ಲಿರುವುದು ಗುರುತಿನ ಕಲ್ಲು ಮಾತ್ರ. ಮೇಲ್ವಿಚಾರಕರು ಈ ಸಂಗತಿಯನ್ನು ಮರೆಮಾಡುವುದಿಲ್ಲವೆಂಬುದನ್ನು ಮೆಚ್ಚಿಕೊಳ್ಳಬೇಕು.

ಪತ್ರಗಳ ಗತಿಯೂ ಮನೆಯ ಗತಿಯಂತೆಯೇ ಆಯಿತು. ಐರ್ಲೆಂಡಿನ ಸರಕಾರಿ ದಾಖಲೆಗಳೆಲ್ಲ ಡಬ್ಲಿನ್ನಿನ 'ಫೋರ್ ಕೋರ್ಟ್ಸ್' ಎಂಬ ನ್ಯಾಯಾಲಯದ ಕಟ್ಟಡಕ್ಕೆ ಸೇರಿದ ಭಾಂಡಾರದಲ್ಲಿದ್ದುವು. ೧೯೨೨ರ ಜೂನ್ ೩೦ರಂದು, ಅಂತರ್ಯುದ್ಧದ ಆರಂಭದಲ್ಲಿ, ಆ ಭಾಂಡಾರವು ಸಿಡಿದು ಸುಟ್ಟುಹೋಯಿತು. ೧೮೨೧ರಿಂದ ೧೮೫೧ರವರೆಗಿನ ನಾಲ್ಕು ಜನಗಣತಿಗಳ ಬಹುಭಾಗ, ಮರಣಶಾಸನಗಳು, ಅಲ್ಲಿ ಇರಿಸಿದ್ದ ಚರ್ಚುಗಳ ಪುಸ್ತಕಗಳು ಬೂದಿಯಾದುವು. ಸುಟ್ಟ ಕಾಗದದ ಚೂರುಗಳು ಊರಿನ ಮೇಲೆಲ್ಲ ಹಾರಿದುವಂತೆ. ಬೆಂಕಿಯನ್ನು ಮಾತ್ರ ದೂರುವುದು ನ್ಯಾಯವಲ್ಲ. ೧೮೬೧ರಿಂದ ೧೮೯೧ರವರೆಗಿನ ನಾಲ್ಕು ಗಣತಿಗಳನ್ನು ಅಧಿಕಾರಿಗಳೇ ಅಪ್ಪಣೆಕೊಟ್ಟು ನಾಶಪಡಿಸಿದ್ದರು. ಆದುದರಿಂದ ಶೋಧಕನ ಕೈಗೆ ಸಿಕ್ಕುವುವೆಂದರೆ ೧೬೩೦ರ ಸುಮಾರಿನ ಆಯುಧಪಾಣಿಗಳ ಪಟ್ಟಿ, ೧೬೬೦ರ ದಶಕದ ಒಲೆ ತೆರಿಗೆಯ ಪಟ್ಟಿ, ೧೭೪೦ರ ಪ್ರಾಟೆಸ್ಟೆಂಟ್ ಗೃಹಸ್ಥರ ಪಟ್ಟಿ ಇವುಗಳ ಉಳಿದ ಪ್ರತಿಗಳು. ಬೆಂಕಿಗೆ ಮುಂಚೆ ಯಾರೋ ಪುಣ್ಯಾತ್ಮರು ತಮ್ಮ ಸ್ವಂತ ಉಪಯೋಗಕ್ಕೆಂದು ನಕಲುಮಾಡಿಕೊಂಡಿದ್ದರಿಂದ ಇವುಗಳಲ್ಲಿ ಎಷ್ಟೋ ಉಳಿದುವು. ೨೦೨೨ರಲ್ಲಿ, ಬೆಂಕಿಯ ನೂರನೆಯ ವರ್ಷಕ್ಕೆ, ಇಂಥ ನಕಲುಗಳನ್ನು ಲೋಕದ ನಾನಾ ಗ್ರಂಥಭಾಂಡಾರಗಳಿಂದ ಕೂಡಿಸಿ ಸುಟ್ಟ ಭಾಂಡಾರದ ಪ್ರತಿರೂಪವೊಂದನ್ನು ಡಬ್ಲಿನ್ನಿನ ವಿದ್ವಾಂಸರು ಸಿದ್ಧಪಡಿಸಿರುವರು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಓಲೆಯ ಪುಸ್ತಕವನ್ನು ಕೊಟ್ಟು ನಕಲುಮಾಡಿಸುತ್ತಿದ್ದಾಗ ನಾವು ಗೊಣಗುತ್ತಿದ್ದುದು ಇದನ್ನೋದಿದಾಗ ನೆನಪಾಯಿತು.

ಕಡಲ ಆಚೆಯ ದಡದಲ್ಲಿಯೂ ಕತ್ತಲೆಯೇ. ಹಡಗಿನಿಂದಿಳಿದವರ ಹೆಸರನ್ನು ಅಮೇರಿಕದ ಒಕ್ಕೂಟ ಸರಕಾರವು ನಿಯಮದಿಂದ ಬರೆದುಕೊಳ್ಳತೊಡಗಿದುದು ೧೮೧೯ರ ಶಾಸನವಾದ ಮೇಲೆ. ಅದಕ್ಕೆ ಮೊದಲು ಬ್ರಿಟಿಷ್ ಪ್ರಜೆಯೊಬ್ಬನು ಬ್ರಿಟಿಷ್ ವಸಾಹತಿಗೆ ಹೋಗುವುದು ಒಂದೇ ರಾಜ್ಯದೊಳಗಿನ ಪ್ರಯಾಣವಾಗಿದ್ದುದರಿಂದ ಪಟ್ಟಿಯನ್ನಿಡುವ ಅವಶ್ಯಕತೆಯು ಯಾರಿಗೂ ತೋರಲಿಲ್ಲ. ಜಾಕ್ಸನ್ನರು ಚಾರ್ಲ್ಸ್‌ಟನ್ ರೇವಿನಲ್ಲಿ ಇಳಿದರೆಂದು ಹಳೆಯ ಚರಿತ್ರಕಾರರು ಬರೆದರು; ಪೆನ್ಸಿಲ್ವೇನಿಯದಲ್ಲಿ ಇಳಿದು, ಫಿಲಡೆಲ್ಫಿಯದಿಂದ ಶೆನಂಡೋವಾ ಕಣಿವೆಯ ಮೂಲಕ ದಕ್ಷಿಣಕ್ಕೆ ಹರಿಯುವ ದೊಡ್ಡ ಬಂಡಿದಾರಿಯನ್ನು ಹಿಡಿದು ಬಂದಿರಬಹುದೆಂದು ಇತ್ತೀಚಿನವರ ಊಹೆ. ಅಲ್‌ಸ್ಟರಿನ ಅಸಂಖ್ಯ ಕುಟುಂಬಗಳು ನಡೆದ ದಾರಿ ಅದು. ಹೋಗಿ ಸೇರಿದ ಎಡೆ ಮಾತ್ರ ನಿಸ್ಸಂದೇಹ: ಉತ್ತರ ದಕ್ಷಿಣ ಕೆರೊಲೈನಗಳ ಗಡಿಯಲ್ಲಿರುವ ವ್ಯಾಕ್ಸ್‌ಹಾ ಎಂಬ ನಾಡು. ಎಲಿಜಬೆತ್ತಳ ಅಕ್ಕತಂಗಿಯರು ಅಲ್ಲಿ ನೆಲಸಿದ್ದರು. ಒಬ್ಬಳ ಗಂಡ ಜೇಮ್ಸ್ ಕ್ರಾಫರ್ಡ್, ಇನ್ನೊಬ್ಬಳ ಗಂಡ ಜಾರ್ಜ್ ಮೆಕೆಮಿ. ಈ ಎರಡನೆಯ ಹೆಸರನ್ನು ಬರಹಗಾರರು ನಾಲ್ಕೈದು ವಿಧವಾಗಿ ಬರೆದಿರುವುದರಿಂದ ಎಷ್ಟೋ ಓದುಗರು ಒಬ್ಬನನ್ನೇ ಇಬ್ಬರೆಂದು ಭ್ರಮಿಸಿದ್ದುಂಟು.

ತಂದೆಯು ಟ್ವೆಲ್ವ್ ಮೈಲ್ ಹಳ್ಳದ ನೀರಿನ ಸೀಮೆಯಲ್ಲಿ ಸುಮಾರು ೨೦೦ ಎಕರೆ ಕೆಂಪು ನೆಲವನ್ನು ಹಿಡಿದು ಕಾಡು ಕಡಿದು ಬೇಸಾಯ ಮಾಡಿದನು. ತನ್ನ ಹೆಸರಿಗೆ ಹಕ್ಕುಪತ್ರವಾಗುವ ಮೊದಲೇ, ೧೭೬೭ರ ಆರಂಭದಲ್ಲಿ, ತೀರಿಕೊಂಡನು. ಕೆಲವೇ ವಾರಗಳ ಮೇಲೆ, ಮಾರ್ಚ್ ೧೫ರಂದು, ಮೂರನೆಯ ಮಗನು ಹುಟ್ಟಿದನು. ಕಣ್ಣು ತೆರೆಯುವ ಮುಂಚೆಯೇ ಪಿತೃಹೀನನಾದ ಆ ಮಗುವಿಗೆ ತಂದೆಯ ಹೆಸರನ್ನಿಟ್ಟರು.

ಅವನು ಹುಟ್ಟಿದುದು ಎಲ್ಲಿ? ಇದನ್ನು ಕುರಿತು ಎರಡು ಸಂಸ್ಥಾನಗಳು ಇಂದಿಗೂ ವಿವಾದ ಮಾಡುತ್ತಿರುವುವು. ಕ್ರಾಫರ್ಡನ ಮನೆಯಲ್ಲಿ ಹುಟ್ಟಿದ್ದರೆ ದಕ್ಷಿಣ ಕೆರೊಲೈನ. ಮೆಕೆಮಿಯ ಮನೆಯಲ್ಲಿ ಹುಟ್ಟಿದ್ದರೆ ಉತ್ತರ ಕೆರೊಲೈನ. ಎರಡು ಮನೆಗಳಿಗೂ ನಡುವೆ ಕೆಲವು ಮೈಲಿಗಳ ದೂರ. ಗಡಿಯನ್ನೇ ೧೭೩೫ರಿಂದ ೧೮೧೫ರವರೆಗೆ ತುಂಡುತುಂಡಾಗಿ ಅಳೆಯುತ್ತಿದ್ದರು. ನೈಯಾಯಿಕರ ಕ್ರಮದಲ್ಲಿ ನೋಡಿದರೆ ಇಲ್ಲಿ ಪ್ರತ್ಯಕ್ಷ ಪ್ರಮಾಣವಿಲ್ಲ, ಏಕೆಂದರೆ ಜ್ಞಾನಸ್ನಾನದ ದಾಖಲೆಯಿಲ್ಲ, ಇರುವುದೆಲ್ಲ ಶಬ್ದ. ಆ ಶಬ್ದವು ಆಪ್ತವಾಕ್ಯವೇ ಎಂಬುದು ಪ್ರಶ್ನೆ. ೧೮೫೦ರ ದಶಕದಲ್ಲಿ, ಅಂದರೆ ಜನನವಾಗಿ ತೊಂಬತ್ತು ವರ್ಷಗಳ ಮೇಲೆ, ವಾಕಪ್ ಎಂಬ ವಕೀಲನು ಬಂಧುಗಳ ಮಕ್ಕಳಿಂದ ಪ್ರಮಾಣಪತ್ರಗಳನ್ನು ಸಂಗ್ರಹಿಸಿದನು: ಎಲಿಜಬೆತ್ತಳು ಗಂಡನನ್ನು ಮಣ್ಣುಮಾಡಿ ಕ್ರಾಫರ್ಡನ ಮನೆಗೆ ಹೊರಟಾಗ ನಡುದಾರಿಯಲ್ಲಿ ಮೆಕೆಮಿಯ ಮನೆಯಲ್ಲಿ ಪ್ರಸವಿಸಿದಳೆಂದು ಅವರು ತಮ್ಮ ತಾಯಂದಿರಿಂದ ಕೇಳಿದ್ದರಂತೆ. ಜೀವನಚರಿತ್ರಕಾರನಾದ ಪಾರ್ಟನ್ ಇದನ್ನು ನಂಬಿದನು. ಆದರೆ ಜಾಕ್ಸನ್ನನು ತಾನೇ ೧೮೨೪ರ ಪತ್ರವೊಂದರಲ್ಲಿ, ತಾನು ಕೇಳಿತಿಳಿದಂತೆ ತನ್ನ ಜನನವು ದಕ್ಷಿಣ ಕೆರೊಲೈನದಲ್ಲಿ, ಕ್ರಾಫರ್ಡನ ಜಮೀನಿನಲ್ಲಿ ಆಯಿತೆಂದು ಬರೆದಿರುವನು. ೧೮೩೨ರಲ್ಲಿ ಆ ಸಂಸ್ಥಾನವು ಒಕ್ಕೂಟದ ಸುಂಕದ ಶಾಸನವನ್ನು ಧಿಕ್ಕರಿಸಿದಾಗ ಹೊರಡಿಸಿದ ಘೋಷಣೆಯಲ್ಲಿಯೂ ಅದನ್ನು ತನ್ನ ಜನ್ಮಸಂಸ್ಥಾನವೆಂದೇ ಕರೆದನು. ಆ ಕಲಹದಲ್ಲಿ ಅವನ ಎದುರಾಳಿಯಾಗಿದ್ದ ಕಲ್ಹೂನನ ತಂದೆಯೂ ಅಲ್‌ಸ್ಟರಿನ ಡೊನಿಗಾಲ್ ಜಿಲ್ಲೆಯಿಂದ ಬಾಲ್ಯದಲ್ಲಿ ಬಂದವನೆಂಬುದು ಗಮನಾರ್ಹ.

ತನ್ನ ಜನನಕ್ಕೆ ತಾನೇ ಸಾಕ್ಷಿಯಾದವನು ಯಾರೂ ಇಲ್ಲ. ಆದರೂ ಹದಿನಾಲ್ಕು ವರ್ಷ ತಾಯಿಯೊಡನಿದ್ದು ಅವಳ ಬಾಯಿಂದ ಕೇಳಿದವನ ಮಾತಿಗೂ, ಒಂದು ತಲೆ ಕಳೆದಮೇಲೆ ನೆನಪಿನಿಂದ ಹೇಳಿದವರ ಮಾತಿಗೂ ತೂಕದಲ್ಲಿ ವ್ಯತ್ಯಾಸವುಂಟು. ನನ್ನ ಅಭಿಪ್ರಾಯವು ದಕ್ಷಿಣದ ಪಕ್ಷಕ್ಕೆ ವಾಲುತ್ತದೆ. ಉತ್ತರದವರು ಇದಕ್ಕೆ ಒಪ್ಪಲಾರರು; ೧೯೪೮ರಲ್ಲಿ ತಮ್ಮ ರಾಜಧಾನಿಯಾದ ರಾಲಿಯಲ್ಲಿ, ತಾವು ದೇಶಕ್ಕೆ ಕೊಟ್ಟ ಮೂವರು ಅಧ್ಯಕ್ಷರೆಂದು ಪ್ರತಿಮೆಗಳನ್ನು ನಿಲ್ಲಿಸಿದಾಗ ಜಾಕ್ಸನ್ನನನ್ನೂ ಅವರಲ್ಲಿ ಸೇರಿಸಿದರು.

ಸ್ವಾತಂತ್ರ್ಯಯುದ್ಧವು ಈ ಮನೆತನವನ್ನು ನುಂಗಿತು. ಹಿರಿಯ ಮಗ ಹ್ಯೂ ೧೭೭೯ರಲ್ಲಿ ಸ್ಟೋನೋ ಫೆರಿಯ ಕಾಳಗವಾದ ಮೇಲೆ ಬಿಸಿಲು ಬಳಲಿಕೆಗಳಿಂದ ಸತ್ತನು. ೧೭೮೧ರ ಏಪ್ರಿಲಿನಲ್ಲಿ ರಾಬರ್ಟನೂ ಆಂಡ್ರೂವೂ ಬ್ರಿಟಿಷರಿಗೆ ಸೆರೆಸಿಕ್ಕಿದರು. ಅಧಿಕಾರಿಯೊಬ್ಬನು ತನ್ನ ಬೂಟುಗಳನ್ನು ಶುಭ್ರಮಾಡೆಂದಾಗ ಹದಿನಾಲ್ಕು ವರ್ಷದ ಆಂಡ್ರೂ ಒಲ್ಲೆನೆಂದನು. ಕತ್ತಿಯ ಏಟಿನ ಗಾಯವು ಅವನ ಕೈಮೇಲೂ ತಲೆಯ ಮೇಲೂ ಕಡೆಯವರೆಗೆ ಉಳಿಯಿತು. ಹುಡುಗರನ್ನು ಕ್ಯಾಮ್ಡನ್ನಿನ ಸೆರೆಮನೆಯಲ್ಲಿಟ್ಟರು. ಆಗ ಅಲ್ಲಿಯ ದಂಡನಾಯಕನು ಲಾರ್ಡ್ ರಾಡನ್. ಅವನೂ ಅಲ್‌ಸ್ಟರಿನವನೇ, ಡೌನ್ ಜಿಲ್ಲೆಯ ಮೊಯ್ರಾದ ಜಮೀನುದಾರರ ಮನೆತನದವನು. ಗೇಣಿ ಕೊಡುವವರ ಮಗನೂ ಗೇಣಿ ಎತ್ತುವವರ ಮಗನೂ ಹೀಗೆ ಸಾವಿರಾರು ಮೈಲಿಗಳಾಚೆ ಒಬ್ಬರು ಗೋಡೆಯ ಒಳಗೂ ಒಬ್ಬರು ಹೊರಗೂ ಇದ್ದರು. ಈ ರಾಡನ್ ಯಾರೆಂಬುದು ನಮ್ಮ ಉತ್ತರ ಕರ್ನಾಟಕದ ವಾಚಕರಿಗೆ ತಿಳಿದಿರಬೇಕು. ಮುಂದೆ ಮಾರ್ಕ್ವಿಸ್ ಆಫ್ ಹೇಸ್ಟಿಂಗ್ಸ್ ಎಂಬ ಬಿರುದಿನಿಂದ ೧೮೧೩ರಿಂದ ೧೮೨೩ರವರೆಗೆ ಇಂಡಿಯದ ಗವರ್ನರ್ ಜನರಲ್ಲನಾಗಿದ್ದವನು ಇವನೇ. ಇವನ ಕಾಲದಲ್ಲಿ ಪೇಶ್ವೆಯರ ಆಳಿಕೆಯು ಮುಗಿದು, ೧೮೧೭-೧೮ರಲ್ಲಿ ಧಾರವಾಡ ಬೆಳಗಾವಿಗಳ ಸೀಮೆಯು ಕಂಪೆನಿಯ ಕೈಸೇರಿತು. ಆ ಕೆರೊಲೈನದ ಯುದ್ಧದಲ್ಲಿ ರಾಡನ್ನನ ಮೇಲಧಿಕಾರಿಯಾಗಿದ್ದ ಕಾರ್ನ್‌ವಾಲಿಸನು ೧೭೯೨ರಲ್ಲಿ ಶ್ರೀರಂಗಪಟ್ಟಣದ ಮುಂದೆ ಬಂದು ಟೀಪೂ ಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡುಹೋದುದು ಎಲ್ಲರೂ ಬಲ್ಲ ಸಂಗತಿ.

ಸೆರೆಮನೆಯಲ್ಲಿ ಹುಡುಗರಿಬ್ಬರಿಗೂ ಸಿಡುಬು ತಗುಲಿತು. ಎಲಿಜಬೆತ್ತಳು ಕ್ಯಾಮ್ಡನ್ನಿಗೆ ಹೋಗಿ ಸೆರೆಯಾಳುಗಳ ವಿನಿಮಯದಲ್ಲಿ ಮಕ್ಕಳನ್ನು ಬಿಡಿಸಿಕೊಂಡು ಬಂದಳು. ರಾಬರ್ಟನು ಮನೆ ಸೇರಿದ ಎರಡು ದಿನಗಳಲ್ಲಿ ಸತ್ತನು. ಕಿರಿಯವನು ಚೇತರಿಸಿಕೊಂಡ ಮೇಲೆ ಅವಳು ಚಾರ್ಲ್ಸ್‌ಟನ್ನಿನ ಸೆರೆಹಡಗುಗಳಲ್ಲಿ ನರಳುತ್ತಿದ್ದ ತಂಗಿಯ ಮಕ್ಕಳ ಉಪಚಾರಕ್ಕೆ ಹೊರಟು, ಅಲ್ಲಿಯ ಜಾಡ್ಯವು ಅಂಟಿ ಅದೇ ವರ್ಷ ತೀರಿಕೊಂಡಳು. ಗುರುತಿಲ್ಲದ ಒಂದು ಗುಣಿಯಲ್ಲಿ ಅವಳನ್ನು ಹೂಳಿದರು. ಮಗನು ದೊಡ್ಡವನಾಗಿ ಕೀರ್ತಿವಂತನಾದಮೇಲೆ ತಾಯಿಯ ಗೋರಿಯನ್ನು ಕುರಿತು ವಿಚಾರಿಸಿಸಿದನು, ಪತ್ತೆಯಾಗಲಿಲ್ಲ. ಪುಸ್ತಕಗಳಲ್ಲಿ ಈ ಹೆಂಗಸಿಗೆ ಕೊಟ್ಟಿರುವ ಪುಟಗಳು ಬಹಳ ಕಡಿಮೆ. ಮನೆತನಕ್ಕೆ ಬೆನ್ನೆಲುಬಾಗಿದ್ದವಳು ಅವಳೇ ಎಂದು ನನಗೆ ತೋರುವುದು.

ಈಗ ಒಂದು ಲೆಕ್ಕವನ್ನು ಹಾಕೋಣ. ೧೭೬೫ರಲ್ಲಿ ಕಡಲು ದಾಟಿದ ದಂಪತಿಗಳಿಗೆ ಮೂವರು ಮಕ್ಕಳು. ಇಬ್ಬರು ಮದುವೆಯಿಲ್ಲದೆ ಹರೆಯದಲ್ಲಿಯೇ ಸತ್ತರು. ಮೂರನೆಯವನಾದ ಆಂಡ್ರೂ ರೇಚಲ್ ಡೊನೆಲ್ಸನ್ ಎಂಬವಳನ್ನು ವರಿಸಿದನು, ಅವರಿಗೆ ಸಂತಾನವಾಗಲಿಲ್ಲ. ರೇಚಲಳ ತಮ್ಮನ ಒಂದು ಗಂಡುಮಗುವನ್ನು ದತ್ತುಕೊಂಡು ಅದಕ್ಕೆ ತನ್ನ ಹೆಸರನ್ನೇ ಇಟ್ಟನು. ೧೮೧೩ರ ಟಲುಷಾಚಿ ಕಾಳಗದಲ್ಲಿ ತಾಯಿತಂದೆಗಳನ್ನು ಕಳೆದುಕೊಂಡ ಕ್ರೀಕ್ ಜನಾಂಗದ ಲಿಂಕೋಯ ಎಂಬ ಶಿಶುವನ್ನೂ ಮನೆಗೆ ತಂದು ಸಾಕಿದನು; ಆ ಹುಡುಗನು ೧೮೨೮ರಲ್ಲಿ ತೀರಿಕೊಂಡನು. ಹಾಗಾದರೆ ಕ್ಯಾರಿಕ್‌ಫರ್ಗಸ್ಸಿನಿಂದ ಬಂದ ಆ ದಂಪತಿಗಳ ರಕ್ತಸಂತತಿಯು ೧೮೪೫ರ ಜೂನ್ ೮ರಂದು, ಅಧ್ಯಕ್ಷನ ಮರಣದೊಡನೆ, ಮುಗಿಯಿತು. ತಾವು ಅಧ್ಯಕ್ಷ ಜಾಕ್ಸನ್ನನ ನೇರ ವಂಶದವರೆಂದು ಹೇಳಿಕೊಳ್ಳುವ ಕುಟುಂಬಗಳು ಅಮೇರಿಕದಲ್ಲಿ ಎಷ್ಟೋ ಇರುವುವು. ಅವರು ದತ್ತುಪುತ್ರನ ಸಂತತಿಯಾದರೆ ಧರ್ಮಶಾಸ್ತ್ರದ ರೀತಿಯಿಂದ ಆ ಮಾತು ನಿಲ್ಲಬಹುದು; ಔರಸ ಸಂತತಿಯೆಂದರೆ ನಿಲ್ಲದು.

ವಂಶಾವಳಿಗಳು ಬರೆಯದೆ ಬಿಟ್ಟ ಸಂಗತಿಗಳನ್ನೂ ಹೇಳಬೇಕು. ವ್ಯಾಕ್ಸ್‌ಹಾ ಎಂಬುದೇ ಒಂದು ಮೂಲಜನಾಂಗದ ಹೆಸರು; ಅಲ್‌ಸ್ಟರಿನ ಒಕ್ಕಲುಗಳು ಬರುವ ಹೊತ್ತಿಗೆ ಆ ಜನರು ಯುದ್ಧದಿಂದಲೂ ಸಿಡುಬಿನಿಂದಲೂ ಅಳಿದು ಹೆಸರು ಮಾತ್ರ ನೆಲಕ್ಕೆ ಅಂಟಿಕೊಂಡಿದ್ದಿತು. ಐರಿಷರನ್ನು ಹೊರಡಿಸಿದ ನೆಲದಲ್ಲಿ ಬೇರೂರಿ, ಅಲ್ಲಿ ತಾವೇ ಹಿಂಡಿಸಿಕೊಂಡು, ಬೇರೊಬ್ಬರನ್ನು ಹೊರಡಿಸಿದ ನೆಲಕ್ಕೆ ಇವರು ಬಂದರು. ೧೮೩೦ರ ಮೇ ೨೮ರಂದು ಮೂಲನಿವಾಸಿಗಳನ್ನು ಮಿಸಿಸಿಪಿಯ ಪಶ್ಚಿಮಕ್ಕೆ ಸಾಗಿಸುವ ಶಾಸನಕ್ಕೆ ಸಹಿಹಾಕಿದವನು ಒಡೆಯರ ಕ್ರೌರ್ಯದ ಕಥೆಗಳನ್ನು ತಾಯಿಯ ಮಡಿಲಲ್ಲಿ ಕೇಳಿ ಬೆಳೆದವನೇ. ೧೮೩೮ರಲ್ಲಿ ಚೆರೋಕಿ ಜನಾಂಗವನ್ನು ನಡೆಸಿಕೊಂಡುಹೋದಾಗ ಸುಮಾರು ೪೦೦೦ ಮಂದಿ ಸತ್ತರೆಂದು ಸಾಮಾನ್ಯವಾದ ಎಣಿಕೆ.

ಟೆನೆಸಿ ಸಂಸ್ಥಾನದ 'ಹರ್ಮಿಟೇಜ್' ಎಂಬ ಅವನ ಜಮೀನಿನಲ್ಲಿ ಅವನು ಸಾಯುವ ಕಾಲಕ್ಕೆ ಸುಮಾರು ೧೫೦ ಮಂದಿ ಗುಲಾಮರಿದ್ದರು. ಅವರ ಮಕ್ಕಳು ಮರಿಮಕ್ಕಳು ಈಗ ತಮ್ಮ ಮೂಲವನ್ನು ಅರಸುವಾಗ ಎದುರಾಗುವ ಕತ್ತಲೆಯ ಮುಂದೆ ಡಬ್ಲಿನ್ನಿನ ಬೆಂಕಿಯು ಏನೂ ಅಲ್ಲ. ೧೮೫೦, ೧೮೬೦ರ ಗಣತಿಗಳಲ್ಲಿ ಗುಲಾಮರನ್ನು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟರಿಂದಲೇ ಸೂಚಿಸಿ, ಹೆಸರನ್ನು ಬರೆಯದೆ ಬಿಟ್ಟರು. ಕಪ್ಪು ಜನರೆಲ್ಲರ ಹೆಸರನ್ನೂ ಬರೆದ ಮೊದಲನೆಯ ಗಣತಿ ೧೮೭೦ರದು. ಅದರ ಹಿಂದಕ್ಕೆ ಹೋಗಬೇಕಾದರೆ ಒಡೆಯನ ಕ್ರಯಪತ್ರಗಳಲ್ಲಿಯೂ ಆಸ್ತಿಯ ಪಟ್ಟಿಗಳಲ್ಲಿಯೂ, ಎತ್ತು ಕುದುರೆಗಳ ನಡುವೆ, ಅಜ್ಜಿಯ ಹೆಸರನ್ನು ಹುಡುಕಬೇಕು.

ಹರ್ಮಿಟೇಜಿನ ಅಡಿಗೆಯವಳಾದ ಬೆಟ್ಟಿ ಎಂಬವಳಿಗೆ ಆಲ್ಫ್ರೆಡ್ ಎಂಬ ಮಗನಿದ್ದನು. ಅವನು ಆ ಜಮೀನಿನಲ್ಲಿಯೇ ಗುಲಾಮನಾಗಿ ಹುಟ್ಟಿ, ಬಿಡುಗಡೆಯಾದ ಮೇಲೆ ಜಾಕ್ಸನ್ ಎಂಬ ಉಪನಾಮವನ್ನು ಇಟ್ಟುಕೊಂಡು, ಅಲ್ಲಿಯೇ ಉಳಿದು, ಮುಪ್ಪಿನಲ್ಲಿ ಬಂದ ಯಾತ್ರಿಕರಿಗೆ ಮನೆಯನ್ನು ತೋರಿಸುತ್ತಿದ್ದನು. ೧೯೦೧ರಲ್ಲಿ ಅವನು ತೀರಿಕೊಂಡಾಗ ತೋಟದಲ್ಲಿ ಆಂಡ್ರೂ ರೇಚಲರ ಗೋರಿಯ ಸಮೀಪದಲ್ಲಿಯೇ ಅವನನ್ನು ಹೂಳಿದರು. ಚಾರ್ಲ್ಸ್‌ಟನ್ನಿನಲ್ಲಿ ಎಲಿಜಬೆತ್ ಜಾಕ್ಸನ್ನಳನ್ನು ಹೂಳಿದ ಎಡೆ ಇಂದಿಗೂ ತಿಳಿದಿಲ್ಲ. ಆಲ್ಫ್ರೆಡ್ ಜಾಕ್ಸನ್ನನ ಕಲ್ಲನ್ನು ಯಾರು ಬೇಕಾದರೂ ಹೋಗಿ ಓದಬಹುದು.